ಬಿಸಿಯಾದ ಯಂತ್ರ ಏಕೆ ನಿಧಾನವಾಗುತ್ತದೆ? ಎನಿಯಾಕ್‌ನಿಂದ ಗೇಮಿಂಗ್ ಲ್ಯಾಪ್‌ಟಾಪ್‌ವರೆಗೆ ಒಂದು ಇತಿಹಾಸ



ಕಳೆದ ಬೇಸಿಗೆ ರಜೆಯಲ್ಲಿ ನನ್ನ ತಂಗಿಯ ಮಗ ತನ್ನ ಲ್ಯಾಪ್‌ಟಾಪ್ ಹಿಡಿದುಕೊಂಡು ನಮ್ಮ ಮನೆಗೆ ಬಂದಿದ್ದ. ಇಂಜಿನಿಯರಿಂಗ್ ಎರಡನೇ ವರ್ಷದ ಹುಡುಗ. ಕಾಲೇಜಿನ ಡ್ರಾಯಿಂಗ್ ಕೆಲಸಕ್ಕೂ ಆಗಬೇಕು, ಬಿಡುವಿನಲ್ಲಿ ಆಟ ಆಡುವುದಕ್ಕೂ ಆಗಬೇಕು ಎಂದು ಹಠ ಹಿಡಿದು, ಮೂರು ವರ್ಷ ಬಳಸಿದ ಗೇಮಿಂಗ್ ಲ್ಯಾಪ್‌ಟಾಪ್ ಒಂದನ್ನು ಕೊಂಡಿದ್ದ. "ಮಾಮು, ಮೊದಲ ಹತ್ತು ನಿಮಿಷ ಆಟ ಚೆನ್ನಾಗಿ ಓಡುತ್ತದೆ. ಆಮೇಲೆ ಫ್ಯಾನ್ ಅಬ್ಬರಿಸುತ್ತದೆ, ಕೀಬೋರ್ಡ್ ಮೇಲೆ ಕೈ ಇಡಲಾಗುವುದಿಲ್ಲ, ಚಿತ್ರ ತಡೆದು ತಡೆದು ಬರುತ್ತದೆ" ಎಂದ. ರಿಪೇರಿ ಅಂಗಡಿಯೊಂದರಲ್ಲಿ ಮದರ್‌ಬೋರ್ಡ್ ಬದಲಿಸಬೇಕು ಎಂದಿದ್ದರಂತೆ. ಅವರು ಕೇಳಿದ ಹಣ ಲ್ಯಾಪ್‌ಟಾಪ್‌ಗೆ ಕೊಟ್ಟ ಬೆಲೆಯ ಅರ್ಧಕ್ಕಿಂತ ಹೆಚ್ಚು. ತಂಗಿ ನನ್ನನ್ನು ಒಳಗೆ ಕರೆದು, "ಭಾಯಿ, ಬಳೆ ಅಡವಿಟ್ಟರೆ ಹೇಗೆ?" ಎಂದು ಮೆಲ್ಲಗೆ ಕೇಳಿದಳು.

ಆ ಬಳೆಯ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳ ಲ್ಯಾಪ್‌ಟಾಪ್ ಎಂದರೆ ತಾಯಿ ತಂದೆಯರ ವರ್ಷಗಳ ಉಳಿತಾಯ. ಅದು ಬಿಸಿಯಾಗಿ ನಿಧಾನವಾದ ಕೂಡಲೇ "ಕೆಟ್ಟುಹೋಯಿತು" ಎಂದು ನಂಬಿ ಹಣ ಕಳೆದುಕೊಳ್ಳುವವರು ಬಹಳ. ಬಿಸಿಯಾದ ಯಂತ್ರ ನಿಧಾನವಾಗುವುದು ಬಹುಪಾಲು ಸಂದರ್ಭಗಳಲ್ಲಿ ರೋಗವಲ್ಲ. ತನ್ನನ್ನು ಉಳಿಸಿಕೊಳ್ಳಲು ಯಂತ್ರಕ್ಕೆ ಮನುಷ್ಯ ಕಲಿಸಿದ ಪಾಠ ಅದು. ಆ ಪಾಠವನ್ನು ಕಲಿಸಲು ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಆ ಇತಿಹಾಸವನ್ನು ತಿಳಿದರೆ ಪರಿಹಾರ ತಾನಾಗಿಯೇ ಹೊಳೆಯುತ್ತದೆ.

ಲೆಕ್ಕಕ್ಕೆ ತೆರುವ ಬೆಲೆ

ತಂತಿಯಲ್ಲಿ ವಿದ್ಯುತ್ ಹರಿದರೆ ಶಾಖ ಹುಟ್ಟುತ್ತದೆ. ಈ ಶಾಖಕ್ಕೂ ವಿದ್ಯುತ್ತಿಗೂ ಇರುವ ಲೆಕ್ಕವನ್ನು ಇಂಗ್ಲೆಂಡಿನ ಜೇಮ್ಸ್ ಜೂಲ್ 1840ರ ದಶಕದ ಆರಂಭದಲ್ಲಿಯೇ ತೋರಿಸಿಕೊಟ್ಟಿದ್ದರು. ನಮ್ಮ ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಹೀಟರ್ ಕೆಲಸ ಮಾಡುವುದು ಇದೇ ನಿಯಮದ ಮೇಲೆ. ಕಂಪ್ಯೂಟರ್ ಕೂಡ ಈ ನಿಯಮಕ್ಕೆ ಹೊರತಲ್ಲ. ಅದು ಸೇವಿಸುವ ವಿದ್ಯುತ್ ಹೆಚ್ಚುಕಡಿಮೆ ಪೂರ್ತಿಯಾಗಿ ಕೊನೆಗೆ ಶಾಖವಾಗಿಯೇ ಹೊರಬರುತ್ತದೆ. 100 ವ್ಯಾಟ್ ನುಂಗುವ ಲ್ಯಾಪ್‌ಟಾಪ್, ತಾನು ಮಾಡುವ ಕೆಲಸ ಏನೇ ಇರಲಿ, 100 ವ್ಯಾಟ್‌ನ ಒಂದು ಪುಟ್ಟ ಒಲೆಯೂ ಹೌದು.

ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ನಿರ್ಮಾಣಗೊಂಡು 1946ರ ಫೆಬ್ರವರಿಯಲ್ಲಿ ಲೋಕಕ್ಕೆ ಪರಿಚಯವಾದ ಎನಿಯಾಕ್ ಕಂಪ್ಯೂಟರ್‌ನಲ್ಲಿ ಸುಮಾರು 18,000 ವ್ಯಾಕ್ಯೂಮ್ ಟ್ಯೂಬ್‌ಗಳಿದ್ದವು. ಹಳೆಯ ರೇಡಿಯೋಗಳಲ್ಲಿ ಕೆಂಪಗೆ ಹೊಳೆಯುತ್ತಿದ್ದ ವಾಲ್ವ್‌ಗಳನ್ನು ಹಿರಿಯರು ನೋಡಿರಬಹುದು, ಅವೇ ಇವು. ಇಡೀ ಯಂತ್ರ ಸುಮಾರು 150 ಕಿಲೋವ್ಯಾಟ್ ವಿದ್ಯುತ್ ಸೇವಿಸುತ್ತಿತ್ತು. ಆ ಶಾಖವನ್ನು ಹೊರಗೆ ತಳ್ಳಲು ದೊಡ್ಡ ಬ್ಲೋವರ್‌ಗಳನ್ನು ಇಡಬೇಕಾಯಿತು. ಟ್ಯೂಬ್‌ಗಳು ಹೆಚ್ಚಾಗಿ ಸುಟ್ಟುಹೋಗುತ್ತಿದ್ದುದು ಯಂತ್ರವನ್ನು ಆರಿಸಿ ಮತ್ತೆ ಹಚ್ಚುವಾಗ, ತಣ್ಣಗಿದ್ದದ್ದು ಬಿಸಿಯಾಗುವ ಮತ್ತು ಬಿಸಿಯಾಗಿದ್ದದ್ದು ತಣಿಯುವ ಹೊತ್ತಿನಲ್ಲಿ. ಆದ್ದರಿಂದ ಯಂತ್ರವನ್ನು ಆದಷ್ಟು ಆರಿಸದೆ ಇಡುವುದೇ ಲೇಸೆಂದು ಇಂಜಿನಿಯರುಗಳು ಕಂಡುಕೊಂಡರು. ಈ ಸಂಗತಿಯನ್ನು ನೆನಪಿಡಿ, ಮುಂದೆ ಮತ್ತೆ ಬರುತ್ತದೆ.

ಟ್ಯೂಬಿನಿಂದ ಚಿಪ್ಪಿಗೆ

1947ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಅದರಲ್ಲಿ ಕಾಯಿಸಬೇಕಾದ ತಂತಿ ಇರಲಿಲ್ಲ, ಗಾಜು ಇರಲಿಲ್ಲ. ಶಾಖದ ಸಮಸ್ಯೆ ಮುಗಿಯಿತೆಂದೇ ಜನ ಭಾವಿಸಿರಬೇಕು. ಆದರೆ 1958ರಲ್ಲಿ ಜ್ಯಾಕ್ ಕಿಲ್ಬಿ ಒಂದೇ ತುಂಡಿನ ಮೇಲೆ ಹಲವು ಬಿಡಿಭಾಗಗಳನ್ನು ಸೇರಿಸಿ ಇಂಟಿಗ್ರೇಟೆಡ್ ಸರ್ಕ್ಯೂಟ್ ತೋರಿಸಿದ ಮೇಲೆ, ಚಿಕ್ಕ ಜಾಗದಲ್ಲಿ ಹೆಚ್ಚು ಹೆಚ್ಚು ಟ್ರಾನ್ಸಿಸ್ಟರ್‌ಗಳನ್ನು ತುರುಕುವ ಸ್ಪರ್ಧೆ ಆರಂಭವಾಯಿತು. ಒಂದು ದೀಪ ಕೋಣೆಯನ್ನು ಬಿಸಿ ಮಾಡುವುದಿಲ್ಲ. ಸಾವಿರ ದೀಪಗಳನ್ನು ಒಂದೇ ಗೂಡಿನಲ್ಲಿ ಇಟ್ಟರೆ?

1965ರಲ್ಲಿ ಗಾರ್ಡನ್ ಮೂರ್ ಚಿಪ್ಪಿನ ಮೇಲಿನ ಬಿಡಿಭಾಗಗಳು ವರ್ಷದಿಂದ ವರ್ಷಕ್ಕೆ ಇಮ್ಮಡಿಯಾಗುತ್ತವೆ ಎಂದು ಬರೆದ ಲೇಖನ ಜಗತ್ಪ್ರಸಿದ್ಧ. ಅದೇ ಲೇಖನದಲ್ಲಿ ಅವರು ಇಷ್ಟೊಂದು ಬಿಡಿಭಾಗಗಳ ಶಾಖವನ್ನು ಹೊರತೆಗೆಯಲು ಸಾಧ್ಯವೇ ಎಂಬ ಪ್ರಶ್ನೆಯನ್ನೂ ಎತ್ತಿದ್ದರು. ಅದಕ್ಕೆ ನೆಮ್ಮದಿಯ ಉತ್ತರ ಕೊಟ್ಟವರು ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್. ಟ್ರಾನ್ಸಿಸ್ಟರನ್ನು ಕುಗ್ಗಿಸುತ್ತಾ ಹೋದಂತೆ ಅದಕ್ಕೆ ಬೇಕಾದ ವೋಲ್ಟೇಜನ್ನೂ ಇಳಿಸಬಹುದು; ಹಾಗಾಗಿ ಅದೇ ಅಳತೆಯ ಜಾಗದಲ್ಲಿ ಹೆಚ್ಚು ಟ್ರಾನ್ಸಿಸ್ಟರ್‌ಗಳಿದ್ದರೂ ಶಾಖ ಹೆಚ್ಚಬೇಕಾಗಿಲ್ಲ ಎಂದು 1974ರಲ್ಲಿ ಅವರೂ ಅವರ ಸಂಗಡಿಗರೂ ತೋರಿಸಿದರು. ಮುಂದಿನ ಮೂವತ್ತು ವರ್ಷಗಳ ಕಂಪ್ಯೂಟರ್ ಪ್ರಗತಿ ನಿಂತದ್ದು ಈ ಸೂತ್ರದ ಮೇಲೆ.

ಅತಿ ವೇಗ ಬೇಕಾದವರಿಗೆ ಮಾತ್ರ ಈ ನೆಮ್ಮದಿ ಇರಲಿಲ್ಲ. ಸೈಮೂರ್ ಕ್ರೇ 1976ರಲ್ಲಿ ಲಾಸ್ ಅಲಾಮೋಸ್ ಪ್ರಯೋಗಾಲಯಕ್ಕೆ ಕೊಟ್ಟ ಕ್ರೇ-1 ಯಂತ್ರವನ್ನು ಫ್ರಿಜ್ಜಿನಂತೆ ಫ್ರಿಯಾನ್ ಹರಿಸಿ ತಣಿಸುತ್ತಿದ್ದರು. 1985ರ ಕ್ರೇ-2ರಲ್ಲಿ ಸರ್ಕ್ಯೂಟುಗಳನ್ನು ವಿದ್ಯುತ್ ಹರಿಸದ ಒಂದು ದ್ರವದಲ್ಲಿ ಪೂರ್ತಿ ಮುಳುಗಿಸಿಯೇ ಇಟ್ಟರು. ಲೆಕ್ಕ ಹಾಕುವುದಕ್ಕಿಂತ ಶಾಖ ತೆಗೆಯುವುದೇ ಕಷ್ಟದ ಕೆಲಸ ಎಂಬುದು ದೊಡ್ಡ ಯಂತ್ರಗಳಿಗೆ ಅಷ್ಟರಲ್ಲೇ ಅರ್ಥವಾಗಿತ್ತು. ಮನೆಯ ಕಂಪ್ಯೂಟರಿಗೆ ಇನ್ನೂ ಆಗಿರಲಿಲ್ಲ.

ಆಟ ಬಂತು, ಫ್ಯಾನ್ ಬಂತು

1971ರಲ್ಲಿ ಬಂದ ಇಂಟೆಲ್ 4004 ಚಿಪ್ಪಿನಲ್ಲಿ ಇದ್ದುದು 2,300 ಟ್ರಾನ್ಸಿಸ್ಟರ್‌ಗಳು. ಅದಕ್ಕೆ ಫ್ಯಾನ್ ಬೇಕಿರಲಿಲ್ಲ. 1980ರ ದಶಕದ ಪರ್ಸನಲ್ ಕಂಪ್ಯೂಟರ್‌ಗಳ ಚಿಪ್ಪುಗಳೂ ಬರಿಮೈಯಲ್ಲೇ ಇರುತ್ತಿದ್ದವು. 1990ರ ದಶಕದ ಮೊದಲ ವರ್ಷಗಳಲ್ಲಿ, 486 ಮತ್ತು 1993ರ ಪೆಂಟಿಯಂ ಕಾಲದಲ್ಲಿ, ಚಿಪ್ಪಿನ ಮೇಲೆ ಅಲ್ಯೂಮಿನಿಯಂನ ಹೀಟ್ ಸಿಂಕ್ ಕುಳಿತಿತು. ಅದರ ಮೇಲೆ ಪುಟ್ಟ ಫ್ಯಾನ್ ಏರಿತು.

ಅದೇ ವರ್ಷಗಳಲ್ಲಿ ಕಂಪ್ಯೂಟರ್ ಆಟಗಳ ಸ್ವರೂಪವೂ ಬದಲಾಯಿತು. 1993ರ ಡೂಮ್, 1996ರ ಕ್ವೇಕ್ ಆಟಗಳು ಯಂತ್ರದಿಂದ ಹಿಂದೆಂದೂ ಕೇಳದಷ್ಟು ಲೆಕ್ಕ ಕೇಳಿದವು. ಇಲ್ಲಿ ಒಂದು ವಿಷಯ ಗಮನಿಸಬೇಕು. ನೀವು ಪತ್ರ ಟೈಪು ಮಾಡುವಾಗ ಚಿಪ್ಪು ಬಹುಪಾಲು ಸಮಯ ಕೈಕಟ್ಟಿ ಕುಳಿತಿರುತ್ತದೆ. ಒಂದು ಅಕ್ಷರ ಒತ್ತಿದಾಗ ಎದ್ದು ಕೆಲಸ ಮಾಡಿ ಮತ್ತೆ ಕುಳಿತುಕೊಳ್ಳುತ್ತದೆ. ಆಟದಲ್ಲಿ ಹಾಗಲ್ಲ. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಪ್ರತಿ ಚಿತ್ರವನ್ನೂ ಸುಮಾರು 17 ಮಿಲಿಸೆಕೆಂಡಿನಲ್ಲಿ ಬರೆದು ಮುಗಿಸಬೇಕು, ಮುಗಿಸಿದ ಕೂಡಲೇ ಮುಂದಿನದಕ್ಕೆ ತೊಡಗಬೇಕು. ಗಂಟೆಗಟ್ಟಲೆ ವಿರಾಮವಿಲ್ಲ. ಈ ಹೊರೆ ಹೊರಲೆಂದೇ ಗ್ರಾಫಿಕ್ಸ್ ಚಿಪ್ಪುಗಳು ಬಂದವು. 1999ರಲ್ಲಿ ಎನ್ವಿಡಿಯಾ ತನ್ನ ಜಿಫೋರ್ಸ್ 256 ಅನ್ನು "ಜಿಪಿಯು" ಎಂದು ಕರೆದು ಮಾರುಕಟ್ಟೆಗೆ ಬಿಟ್ಟಿತು. ಅಲ್ಲಿಗೆ ಒಂದು ಪೆಟ್ಟಿಗೆಯೊಳಗೆ ಎರಡು ಒಲೆಗಳಾದವು.

2001ರ ಫೆಬ್ರವರಿಯಲ್ಲಿ ಇಂಟೆಲ್‌ನ ಪ್ಯಾಟ್ ಗೆಲ್ಸಿಂಗರ್ ಒಂದು ಅಂತಾರಾಷ್ಟ್ರೀಯ ಸಮ್ಮೇಳನದಲ್ಲಿ ಎಚ್ಚರಿಕೆಯ ಮಾತು ಆಡಿದರು. ಇದೇ ಗತಿಯಲ್ಲಿ ಸಾಗಿದರೆ ಚಿಪ್ಪಿನ ಶಾಖ ಸಾಂದ್ರತೆ 2005ರ ಹೊತ್ತಿಗೆ ಪರಮಾಣು ರಿಯಾಕ್ಟರಿನಷ್ಟು, 2010ಕ್ಕೆ ರಾಕೆಟ್ಟಿನ ಬಾಯಿಯಷ್ಟು, 2015ಕ್ಕೆ ಸೂರ್ಯನ ಮೇಲ್ಮೈಯಷ್ಟು ಆಗುತ್ತದೆ ಎಂದು ಅವರು ಲೆಕ್ಕ ತೋರಿಸಿದರು.

ಅದೇ ವರ್ಷ ಟಾಮ್ಸ್ ಹಾರ್ಡ್‌ವೇರ್ ಎಂಬ ಕಂಪ್ಯೂಟರ್ ಪ್ರಕಟಣೆಯವರು ಒಂದು ಪರೀಕ್ಷೆ ಮಾಡಿದರು. ಕ್ವೇಕ್ 3 ಆಟ ಓಡುತ್ತಿರುವಾಗಲೇ ಪ್ರೊಸೆಸರ್ ಮೇಲಿನ ಹೀಟ್ ಸಿಂಕನ್ನು ಕಿತ್ತು ತೆಗೆದರು. ಆ ಕಾಲದ ಎಎಂಡಿ ಅಥ್ಲಾನ್ ಚಿಪ್ಪು ಕ್ಷಣಗಳಲ್ಲಿ ಹೊಗೆಯಾಡಿ ಸುಟ್ಟುಹೋಯಿತು. ಪೆಂಟಿಯಂ 3 ಸ್ತಬ್ಧವಾಗಿ ನಿಂತಿತು, ಆದರೆ ಉಳಿದುಕೊಂಡಿತು. ಪೆಂಟಿಯಂ 4 ಮಾತ್ರ ನಿಲ್ಲಲಿಲ್ಲ. ಆಟ ಕುಂಟುತ್ತಾ ಕುಂಟುತ್ತಾ ಮುಂದುವರಿಯಿತು. ಹೀಟ್ ಸಿಂಕ್ ಮರಳಿ ಇಟ್ಟಾಗ ಮೊದಲಿನ ವೇಗಕ್ಕೆ ಬಂದಿತು. ಅದರೊಳಗೆ ತಾಪಮಾನ ಅಳೆಯುವ ಸೆನ್ಸರ್ ಇತ್ತು. ಮಿತಿ ಮೀರಿದ ಕೂಡಲೇ ಅದು ತನ್ನ ಕೆಲಸವನ್ನು ತಾನೇ ತಗ್ಗಿಸಿಕೊಂಡಿತ್ತು. ಇದನ್ನೇ ಇಂದು ಥರ್ಮಲ್ ಥ್ರಾಟ್ಲಿಂಗ್ ಎನ್ನುತ್ತೇವೆ. ಮುಂದಿನ ವರ್ಷಗಳಲ್ಲಿ ಇಂತಹ ರಕ್ಷಣೆ ಎಲ್ಲ ತಯಾರಕರ ಯಂತ್ರಗಳಿಗೂ ಬಂತು.

ಓದುಗರೇ, ನನ್ನ ಸೋದರಳಿಯನ ಆಟ ಹತ್ತು ನಿಮಿಷಗಳ ನಂತರ ಕುಂಟಿದ್ದೂ, 2001ರ ಆ ಪೆಂಟಿಯಂ 4 ಕುಂಟಿದ್ದೂ ಒಂದೇ ಕಾರಣಕ್ಕೆ. ಕುಂಟುವುದು ಬಿಟ್ಟರೆ ಉಳಿದ ದಾರಿ ಅಥ್ಲಾನ್‌ನದು.

ಗೋಡೆಗೆ ಡಿಕ್ಕಿ

ಡೆನಾರ್ಡ್ ಸೂತ್ರ ಎಲ್ಲ ಕಾಲಕ್ಕೂ ನಡೆಯಲಿಲ್ಲ. ಟ್ರಾನ್ಸಿಸ್ಟರ್ ತೀರಾ ಚಿಕ್ಕದಾದಾಗ, ಆರಿಸಿದ ಮೇಲೂ ಅದರೊಳಗಿಂದ ಸ್ವಲ್ಪ ಸ್ವಲ್ಪ ವಿದ್ಯುತ್ ಸೋರತೊಡಗಿತು. ವೋಲ್ಟೇಜನ್ನು ಇನ್ನಷ್ಟು ಇಳಿಸುವುದು ಕಷ್ಟವಾಯಿತು. 2004ರಲ್ಲಿ ಬಂದ ಹೊಸ ಪೆಂಟಿಯಂ 4 ಚಿಪ್ಪುಗಳು ಬಿಸಿಗೆ ಕುಖ್ಯಾತವಾದವು. ಆ ವರ್ಷ ಮೇ ತಿಂಗಳಲ್ಲಿ ಇಂಟೆಲ್ ಅದರ ಮುಂದಿನ ಪೀಳಿಗೆಯನ್ನೇ ರದ್ದು ಮಾಡಿತು. ಅಕ್ಟೋಬರ್‌ನಲ್ಲಿ 4 ಗಿಗಾಹರ್ಟ್ಸ್ ಪೆಂಟಿಯಂ 4 ಕೂಡ ಬರುವುದಿಲ್ಲ ಎಂದಿತು. ಕಂಪನಿಯ ಮುಖ್ಯಸ್ಥ ಕ್ರೇಗ್ ಬ್ಯಾರೆಟ್ ವೇದಿಕೆಯ ಮೇಲೆ ತಮಾಷೆಗೆ ಮೊಣಕಾಲೂರಿ ಕ್ಷಮೆ ಕೇಳಿದರು. ಅಂದಿನಿಂದ ಒಂದೇ ಕೆಲಸಗಾರನನ್ನು ಓಡಿಸುವ ಬದಲು, ಒಂದೇ ಚಿಪ್ಪಿನಲ್ಲಿ ಎರಡು, ನಾಲ್ಕು ಕೆಲಸಗಾರರನ್ನು ಇಡುವ ಪದ್ಧತಿ ಬಲವಾಯಿತು.

ಪಾರಾಗುವ ದಾರಿ ತೋರಿಸಿದ್ದು ಲ್ಯಾಪ್‌ಟಾಪ್ ಚಿಪ್ಪು ಎಂಬುದು ಸ್ವಾರಸ್ಯ. 2003ರಲ್ಲಿ ಬಂದ ಪೆಂಟಿಯಂ ಎಂ ಚಿಪ್ಪಿನ 1.6 ಗಿಗಾಹರ್ಟ್ಸ್ ಮಾದರಿಯ ಶಾಖದ ಮಿತಿ 24.5 ವ್ಯಾಟ್ ಮಾತ್ರ. ಅಂಕಿಯಲ್ಲಿ ನಿಧಾನವೆನಿಸಿದರೂ ಕೆಲಸದಲ್ಲಿ ಅದು ತನಗಿಂತ ಬಹಳ ಹೆಚ್ಚು ಗಿಗಾಹರ್ಟ್ಸ್‌ನ ಪೆಂಟಿಯಂ 4 ಚಿಪ್ಪುಗಳಿಗೆ ಸಮನಾಗಿತ್ತು. ಡಬ್ಬಿಯ ಮೇಲೆ ಬರೆದ ವೇಗವೇ ಎಲ್ಲವೂ ಅಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಮಡಿಲ ಮೇಲಿನ ಒಲೆ

ಡೆಸ್ಕ್‌ಟಾಪಿನಲ್ಲಿ ಶಾಖಕ್ಕೆ ಜಾಗವಿದೆ. ಲ್ಯಾಪ್‌ಟಾಪಿನಲ್ಲಿ ಎರಡು ಬೆರಳಷ್ಟು ದಪ್ಪದೊಳಗೆ ಎಲ್ಲವೂ ಮುಗಿಯಬೇಕು. 1982ರ ಗ್ರಿಡ್ ಕಂಪಾಸ್ ಯಂತ್ರದ ಮೆಗ್ನೀಸಿಯಂ ಕವಚವೇ ಶಾಖವನ್ನು ಹೊರಹಾಕುತ್ತಿತ್ತು. ಚಿಪ್ಪುಗಳು ಬಿಸಿಯಾದಂತೆ ಅಷ್ಟು ಸಾಲದಾಯಿತು. ಆಗ ನೆರವಿಗೆ ಬಂದದ್ದು ಹೀಟ್ ಪೈಪ್. 1963ರಲ್ಲಿ ಲಾಸ್ ಅಲಾಮೋಸ್‌ನ ಜಾರ್ಜ್ ಗ್ರೋವರ್ ಅಭಿವೃದ್ಧಿಪಡಿಸಿ, ಬಾಹ್ಯಾಕಾಶ ಕೆಲಸಕ್ಕೆ ಬಳಕೆಯಾದ ಈ ಉಪಾಯ 1990ರ ದಶಕದಲ್ಲಿ ಲ್ಯಾಪ್‌ಟಾಪಿನೊಳಗೆ ಬಂತು. ಅನ್ನ ಬೇಯುವಾಗ ಹಬೆ ಮೇಲೇರಿ, ಮುಚ್ಚಳಕ್ಕೆ ತಾಗಿ ಹನಿಯಾಗಿ ಕೆಳಗಿಳಿಯುವುದನ್ನು ನೋಡಿದ್ದೀರಲ್ಲ, ಹೀಟ್ ಪೈಪ್ ಮಾಡುವುದೂ ಅದನ್ನೇ. ಮುಚ್ಚಿದ ತಾಮ್ರದ ಕೊಳವೆಯೊಳಗಿನ ಹನಿ ನೀರು ಚಿಪ್ಪಿನ ಬಳಿ ಆವಿಯಾಗಿ, ಫ್ಯಾನಿನ ಬಳಿಯ ತೆಳು ರೆಕ್ಕೆಗಳಲ್ಲಿ ಶಾಖ ಬಿಟ್ಟು, ಮತ್ತೆ ನೀರಾಗಿ ಹಿಂದಿರುಗುತ್ತದೆ. ಚಿಪ್ಪಿಗೂ ಕೊಳವೆಗೂ ನಡುವೆ ಗಾಳಿಯ ಸಂದು ಉಳಿಯದಂತೆ ಥರ್ಮಲ್ ಪೇಸ್ಟ್ ಹಚ್ಚಿರುತ್ತಾರೆ.

ಈ ಸರಪಳಿಯಲ್ಲಿ ಒಂದು ಕೊಂಡಿ ಸಡಿಲವಾದರೂ ಪೆಟ್ಟು ಬೀಳುತ್ತದೆ. ದೊಡ್ಡ ಕಂಪನಿಗಳೂ ಇದಕ್ಕೆ ಬೆಲೆ ತೆತ್ತಿವೆ. 2005ರ ಎಕ್ಸ್‌ಬಾಕ್ಸ್ 360 ಆಟದ ಯಂತ್ರಗಳು ಕೆಟ್ಟು ಕೆಂಪು ದೀಪ ತೋರಿಸತೊಡಗಿದಾಗ, ಮೈಕ್ರೋಸಾಫ್ಟ್ 2007ರ ಜುಲೈನಲ್ಲಿ ವಾರಂಟಿಯನ್ನು ಮೂರು ವರ್ಷಕ್ಕೆ ವಿಸ್ತರಿಸಿ ನೂರು ಕೋಟಿ ಡಾಲರಿಗೂ ಹೆಚ್ಚು ಹಣ ಎತ್ತಿಟ್ಟಿತು. ಪದೇ ಪದೇ ಬಿಸಿಯಾಗಿ ತಣಿಯುವುದರಿಂದ ಒಳಗಿನ ಬೆಸುಗೆಗಳು ಬಿರುಕು ಬಿಟ್ಟಿದ್ದವು. ಎನಿಯಾಕ್‌ನ ಟ್ಯೂಬುಗಳನ್ನು ಸುಟ್ಟ ಅದೇ ಹಳೆಯ ಶತ್ರು! 2008ರ ಜುಲೈನಲ್ಲಿ ಎನ್ವಿಡಿಯಾ ತನ್ನ ಕೆಲವು ಲ್ಯಾಪ್‌ಟಾಪ್ ಗ್ರಾಫಿಕ್ಸ್ ಚಿಪ್ಪುಗಳ ಇಂಥದೇ ದೋಷಕ್ಕಾಗಿ 15ರಿಂದ 20 ಕೋಟಿ ಡಾಲರ್ ತೆಗೆದಿಡುವುದಾಗಿ ಪ್ರಕಟಿಸಿತು. 2018ರ ಜುಲೈನಲ್ಲಿ ಆ್ಯಪಲ್‌ನ ಹೊಸ ಮ್ಯಾಕ್‌ಬುಕ್ ಪ್ರೋ ಬಿಸಿಯಾಗಿ ನಿಧಾನವಾಗುತ್ತಿದೆ ಎಂಬ ದೂರು ಎದ್ದಿತು. ಶಾಖ ನಿರ್ವಹಿಸುವ ತಂತ್ರಾಂಶದಲ್ಲಿ ತಪ್ಪಿದೆಯೆಂದು ಒಪ್ಪಿದ ಕಂಪನಿ ಕ್ಷಮೆ ಕೇಳಿ, ಅಪ್‌ಡೇಟ್ ಕೊಟ್ಟು ಸರಿಪಡಿಸಿತು. ಅಂದರೆ ಯಂತ್ರದ ಭಾಗವೊಂದನ್ನೂ ಬದಲಿಸದೆ ಕೇವಲ ಅಪ್‌ಡೇಟ್‌ನಿಂದ ವೇಗ ಮರಳಿದ ಉದಾಹರಣೆಯೂ ಇದೆ.

ಇತಿಹಾಸ ಕಲಿಸುವ ಚಿಕಿತ್ಸೆ

ಈ ಇತಿಹಾಸದಿಂದ ನಿಮ್ಮ ಲ್ಯಾಪ್‌ಟಾಪ್‌ಗೆ ಏನು ಪ್ರಯೋಜನ? ಒಂದೊಂದಾಗಿ ನೋಡೋಣ.

ಮೊದಲು ಅಳೆಯಿರಿ. ಎಚ್‌ಡಬ್ಲ್ಯುಇನ್ಫೋದಂತಹ ಉಚಿತ ತಂತ್ರಾಂಶದಲ್ಲಿ ತಾಪಮಾನ ಮತ್ತು ಗಿಗಾಹರ್ಟ್ಸ್ ಎರಡನ್ನೂ ಒಟ್ಟಿಗೆ ನೋಡುತ್ತಾ ಅರ್ಧ ಗಂಟೆ ಆಟ ಆಡಿ. ತಾಪಮಾನ 95ರಿಂದ 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಗಿಗಾಹರ್ಟ್ಸ್ ಕುಸಿದರೆ ಅದು ಥ್ರಾಟ್ಲಿಂಗ್. ತಾಪಮಾನ 75ರ ಆಸುಪಾಸಿನಲ್ಲೇ ಇದ್ದು ಆಟ ಕುಂಟಿದರೆ ಕಾರಣ ಬೇರೆ: ರ್‍ಯಾಮ್ ಸಾಲದಿರಬಹುದು, ಆಟವು ಗ್ರಾಫಿಕ್ಸ್ ಚಿಪ್ಪಿನ ಬದಲು ಪ್ರೊಸೆಸರ್‌ನೊಳಗಿನ ಸಣ್ಣ ಗ್ರಾಫಿಕ್ಸ್ ಮೇಲೆ ಓಡುತ್ತಿರಬಹುದು, ಚಾರ್ಜರ್ ಕಡಿಮೆ ವ್ಯಾಟಿನದ್ದಾಗಿರಬಹುದು. ರೋಗ ತಿಳಿಯದೆ ಔಷಧ ಬೇಡ.

ಎರಡನೆಯದು, ಗಾಳಿಗೆ ದಾರಿ ಬಿಡಿ. ಹಾಸಿಗೆ, ದಿಂಬು, ಮಡಿಲ ಮೇಲಿಟ್ಟು ಆಡಬೇಡಿ. ಕೆಳಗಿನ ಗಾಳಿಕಿಂಡಿಗಳು ಮುಚ್ಚಿಹೋಗುತ್ತವೆ. ಗಟ್ಟಿ ಮೇಜಿನ ಮೇಲಿಟ್ಟು ಹಿಂಭಾಗವನ್ನು ಒಂದೆರಡು ಅಂಗುಲ ಎತ್ತರಿಸಿ. ಫ್ಯಾನ್ ಕೋಣೆಯ ಗಾಳಿಯನ್ನೇ ಬಳಸುತ್ತದೆ ಎಂಬುದು ನೆನಪಿರಲಿ. ಚಿಪ್ಪು ಕೋಣೆಗಿಂತ 60 ಡಿಗ್ರಿ ಹೆಚ್ಚು ಬಿಸಿಯಾಗುವುದಾದರೆ, 24 ಡಿಗ್ರಿಯ ಕೋಣೆಯಲ್ಲಿ ಅದು 84. 38 ಡಿಗ್ರಿಯ ಕೋಣೆಯಲ್ಲಿ 98. ಕಲಬುರಗಿ, ರಾಯಚೂರಿನ ಏಪ್ರಿಲ್ ಮಧ್ಯಾಹ್ನದಲ್ಲಿ ಕುಂಟುವ ಲ್ಯಾಪ್‌ಟಾಪ್ ಡಿಸೆಂಬರ್ ರಾತ್ರಿ ಸಲೀಸಾಗಿ ಓಡುವುದು ಇದಕ್ಕೇ.

ಮೂರನೆಯದು, ಧೂಳು ತೆಗೆಯಿರಿ. ಫ್ಯಾನಿಗೂ ತೆಳು ರೆಕ್ಕೆಗಳಿಗೂ ನಡುವೆ ಧೂಳು ಕಂಬಳಿಯಂತೆ ಕಟ್ಟಿಕೊಳ್ಳುತ್ತದೆ. ಯಂತ್ರ ಆರಿಸಿ, ಚಾರ್ಜರ್ ಕಿತ್ತು, ಸಾಧ್ಯವಾದರೆ ಬ್ಯಾಟರಿ ಸಂಪರ್ಕ ತೆಗೆದು, ಮೆತ್ತನೆಯ ಬ್ರಷ್ ಮತ್ತು ಗಾಳಿಯಿಂದ ಶುಚಿ ಮಾಡಬೇಕು. ಗಾಳಿ ಊದುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿಯಿರಿ. ಕೆಲವು ವರ್ಷ ಹಳೆಯ ಯಂತ್ರವಾದರೆ ಒಣಗಿದ ಥರ್ಮಲ್ ಪೇಸ್ಟ್ ಬದಲಿಸಬೇಕು. ವಾರಂಟಿ ಇದ್ದರೆ, ಕೈಗೆ ಅಭ್ಯಾಸವಿಲ್ಲದಿದ್ದರೆ, ತಿಳಿದವರ ಕೈಯಲ್ಲಿ ಮಾಡಿಸಿ. ಕೆಳಗಿನ ಕವಚ ಉಬ್ಬಿದ್ದರೆ ಬ್ಯಾಟರಿ ಊದಿದೆ ಎಂದರ್ಥ. ಕೂಡಲೇ ಬಳಕೆ ನಿಲ್ಲಿಸಿ.

ನಾಲ್ಕನೆಯದು, ಶಾಖ ಹುಟ್ಟುವುದನ್ನೇ ಕಡಿಮೆ ಮಾಡಿ. ಡೆನಾರ್ಡ್ ಕಲಿಸಿದ ಪಾಠ ಇಲ್ಲಿದೆ. ಚಿಪ್ಪಿನ ವಿದ್ಯುತ್ ಬಳಕೆ ವೋಲ್ಟೇಜಿನ ವರ್ಗದಂತೆ ಏರಿಳಿಯುತ್ತದೆ. ಅದೇ ವೇಗದಲ್ಲಿ ವೋಲ್ಟೇಜನ್ನು ಶೇ. 10 ಇಳಿಸಿದರೆ ಆ ಬಳಕೆ ಸುಮಾರು ಶೇ. 19 ಇಳಿಯುತ್ತದೆ. ಇದನ್ನು ಅಂಡರ್‌ವೋಲ್ಟಿಂಗ್ ಎನ್ನುತ್ತಾರೆ. 2019ರ ಡಿಸೆಂಬರ್‌ನಲ್ಲಿ ವೋಲ್ಟೇಜ್ ನಿಯಂತ್ರಣದ ಮೂಲಕ ಭದ್ರತೆ ಮುರಿಯಬಹುದೆಂದು ಸಂಶೋಧಕರು ತೋರಿಸಿದ ಮೇಲೆ ಅನೇಕ ಲ್ಯಾಪ್‌ಟಾಪುಗಳಲ್ಲಿ ಈ ಸೌಲಭ್ಯಕ್ಕೆ ಬೀಗ ಬಿದ್ದಿದೆ. ಆದರೆ ಎಲ್ಲರಿಗೂ ಸಾಧ್ಯವಾದ ಉಪಾಯವೊಂದಿದೆ: ಆಟದ ಸೆಟ್ಟಿಂಗ್‌ನಲ್ಲಿ ಚಿತ್ರಗಳ ಸಂಖ್ಯೆಗೆ ಸೆಕೆಂಡಿಗೆ 60 ಎಂದು ಮಿತಿ ಹಾಕಿ, ನೆರಳು, ಪ್ರತಿಬಿಂಬಗಳ ಗುಣಮಟ್ಟವನ್ನು ಒಂದು ಮೆಟ್ಟಿಲು ಇಳಿಸಿ. ವಿಂಡೋಸ್‌ನ ಪವರ್ ಸೆಟ್ಟಿಂಗ್‌ನಲ್ಲಿ ಪ್ರೊಸೆಸರ್‌ನ ಗರಿಷ್ಠ ಮಿತಿಯನ್ನು ಶೇ. 99ಕ್ಕೆ ಇಟ್ಟರೆ ಹಲವು ಯಂತ್ರಗಳಲ್ಲಿ ಟರ್ಬೋ ವೇಗ ನಿಂತು ಬಿಸಿ ಗಮನಾರ್ಹವಾಗಿ ತಗ್ಗುತ್ತದೆ. ಒಂದು ಕ್ಷಣ 120, ಮರುಕ್ಷಣ 25 ಎಂದು ಏರಿಳಿಯುವ ಆಟಕ್ಕಿಂತ ಸ್ಥಿರವಾಗಿ 60ರಲ್ಲಿ ಓಡುವ ಆಟವೇ ಮೇಲು.

ಕೊನೆಯದು, ತಯಾರಕರು ಕೊಡುವ ಬಯೋಸ್ ಮತ್ತು ಗ್ರಾಫಿಕ್ಸ್ ಅಪ್‌ಡೇಟ್‌ಗಳನ್ನು ಹಾಕಿಕೊಳ್ಳಿ.

ಕೊನೆಯ ಮಾತು

ನನ್ನ ಸೋದರಳಿಯನ ಲ್ಯಾಪ್‌ಟಾಪನ್ನು ನಾವಿಬ್ಬರೂ ಊಟದ ಮೇಜಿನ ಮೇಲೆ ಬಿಚ್ಚಿದೆವು. ಫ್ಯಾನಿನ ಹಿಂದೆ ಬೂದುಬಣ್ಣದ ಧೂಳಿನ ಪಟ್ಟಿಯೊಂದು ಇಡಿಯಾಗಿ ಎದ್ದು ಬಂತು. ಪೇಸ್ಟ್ ಒಣಗಿ ಸುಣ್ಣದಂತಾಗಿತ್ತು. ಶುಚಿಗೊಳಿಸಿ, ಹೊಸ ಪೇಸ್ಟ್ ಹಚ್ಚಿ, ಆಟಕ್ಕೆ 60ರ ಮಿತಿ ಹಾಕಿ ನೋಡಿದೆವು. 98 ಡಿಗ್ರಿಗೆ ಹೋಗುತ್ತಿದ್ದದ್ದು 82ರಲ್ಲಿ ನಿಂತಿತು. ಹೊಸ ಲ್ಯಾಪ್‌ಟಾಪ್ ಆಗಲಿಲ್ಲ, ಇತ್ತೀಚಿನ ಭಾರೀ ಆಟಗಳು ಅದರಲ್ಲಿ ಈಗಲೂ ಓಡುವುದಿಲ್ಲ. ಆದರೆ ಅವನ ಆಟ ಕುಂಟುವುದು ನಿಂತಿತು, ಕಾಲೇಜಿನ ಡ್ರಾಯಿಂಗ್ ಕೆಲಸವೂ ಸಲೀಸಾಯಿತು. ಬಳೆ ತಂಗಿಯ ಕೈಯಲ್ಲೇ ಉಳಿಯಿತು.

ವಿದ್ಯಾರ್ಥಿ ಮಿತ್ರರೇ, ಎನಿಯಾಕ್‌ನ ಬ್ಲೋವರ್‌ಗಳನ್ನು ಕೂರಿಸಿದವರಿಗೂ ಇಂದು ನಿಮ್ಮ ಫ್ಯಾನಿನ ಧೂಳು ತೆಗೆಯುವ ನಿಮಗೂ ಎದುರಿಗಿರುವ ಪ್ರಶ್ನೆ ಒಂದೇ: ಹುಟ್ಟಿದ ಶಾಖ ಎಲ್ಲಿಗೆ ಹೋಗಬೇಕು? ಮುಂದಿನ ಸಲ ನಿಮ್ಮ ಯಂತ್ರ ಬಿಸಿಯಾಗಿ ನಿಧಾನವಾದಾಗ ಅದನ್ನು ಬೈಯುವ ಮೊದಲು, ಹಣ ಸುರಿಯುವ ಮೊದಲು, ಈ ಪ್ರಶ್ನೆ ಕೇಳಿಕೊಳ್ಳಿ. ಕಾರಣ ತಿಳಿದವನಿಗೆ ಖರ್ಚು ಕಡಿಮೆ. ಬಿಡುವಾದಾಗ ನೆರೆಮನೆಯ ಹುಡುಗನ ಲ್ಯಾಪ್‌ಟಾಪಿಗೂ ಇದೇ ಚಿಕಿತ್ಸೆ ಮಾಡಿಕೊಡಿ. ಕಲಿತದ್ದು ಇನ್ನೊಬ್ಬರಿಗೆ ಉಪಯೋಗವಾದಾಗಲೇ ಕಲಿಕೆ ಪೂರ್ಣವಾಗುವುದು.